ಒಂದು ಗೇಣು ಗಿಡ್ಡ ಪರದೆ

ಪರದೆಯ ಎರಡೂ ಅಂಚು ಮುಗಿದಿದ್ದವು, ಕೆಳಗಿನ ಮಡಿಕೆ ಅರ್ಧಕ್ಕೆ ಬಂದಿತ್ತು. ಕೊಟ್ರಬಸಮ್ಮ ಮಷಿನ್ನಿನ ಚಕ್ರಕ್ಕೆ ಅಂಗೈ ಒತ್ತಿ ನಿಲ್ಲಿಸಿ, ಸೂಜಿಯ ಕೆಳಗೆ ಗಂಟುಬಿದ್ದ ನೂಲನ್ನು ಹಲ್ಲಿನಿಂದ ಕಡಿದು, ಮತ್ತೆ ತುಳಿಯತೊಡಗಿದಳು. ಕಂದು ಬಟ್ಟೆ. ಎರಡು ವರ್ಷದ ಹಿಂದೆ ಶಾಲೆಯ ವಾರ್ಷಿಕೋತ್ಸವಕ್ಕೆ ವೇದಿಕೆಯ ಹಿಂದೆ ಕಟ್ಟಲು ತಂದು ಉಳಿದದ್ದು. ಇಲಿ ಕಡಿದ ಜಾಗ ಬಿಟ್ಟು ಕತ್ತರಿಸಿದರೆ ಒಂದು ಬಾಗಿಲಿಗೆ ಆಗುವಷ್ಟಿತ್ತು.

“ನೆಲದಿಂದ ಒಂದು ಗೇಣು ಮ್ಯಾಲಿರ್ಲಿ,” ಎಂದು ಹೆಡ್ಮಾಸ್ಟರ್ ಗುರುಬಸವರಾಜ ಗುರುವಾರ ಹೇಳಿಹೋಗಿದ್ದರು. “ಒಳಗ ಯಾರು ಕುಂತಾರ ಅಂತ ಹೊರಗಿದ್ದೋರಿಗೆ ಗೊತ್ತಾಗಬೇಕು ನೋಡ್ರಿ. ಕಾಲು ಕಂಡ್ರ ಸಾಕು.”

ಇಪ್ಪತ್ತಾರು ವರ್ಷ ಹೊಲಿಗೆ ಕಲಿಸಿದವಳಿಗೆ ಬೇಕೆಂದೇ ಗಿಡ್ಡ ಹೊಲಿಯುವುದೆಂದರೆ ಬೇಕೆಂದೇ ಉಪ್ಪು ಹಾಕದೆ ಸಾರು ಮಾಡಿದಂತೆ. ಆದರೂ ಅವಳು ಎದುರು ಮಾತಾಡಿರಲಿಲ್ಲ. ಇದ್ದರೆ ಇರಲಿ, ಅದರ ಹಿಂದೆ ಕೂರುವವಳ ಕೆಲಸವೂ ಅಷ್ಟೇ ಗಿಡ್ಡದ್ದು ಎಂದುಕೊಂಡಿದ್ದಳು.

ಹಿಂದೆ ಕೂರುವವಳು ರೇಖಾ. ಹರಪನಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಕೊಟ್ಟೂರಿಗೆ ಬರುವ, ಇಪ್ಪತ್ತೆಂಟು ವರ್ಷದ, ದಾವಣಗೆರೆಯಲ್ಲಿ ಮನಃಶಾಸ್ತ್ರ ಓದಿದ ಹೆಣ್ಣು. ಕಾಗದದ ಮೇಲೆ ಅವಳು ಆಪ್ತ ಸಮಾಲೋಚಕಿ. ಮಕ್ಕಳ ಬಾಯಲ್ಲಿ ಕೌನ್ಸೆಲಿಂಗ್ ಮಿಸ್. ಮೇಷ್ಟ್ರುಗಳ ಬಾಯಲ್ಲಿ ಬುದ್ಧಿ ಹೇಳೋ ಮೇಡಂ. ಅವಳನ್ನು ಯಾಕೆ ತಂದರು ಎಂಬುದು ಎಲ್ಲರಿಗೂ ಗೊತ್ತಿತ್ತು. ಹಗರಿಬೊಮ್ಮನಹಳ್ಳಿಯ ಇನ್ನೊಂದು ಶಾಲೆಯವರು ತಮ್ಮಲ್ಲಿ ಸಮಾಲೋಚಕಿ ಇದ್ದಾರೆಂದು ಬಸ್‌ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಕಟ್ಟಿಸಿದ್ದರು. ಅದನ್ನು ಕಂಡ ಆಡಳಿತ ಮಂಡಳಿಯ ಕಾರ್ಯದರ್ಶಿ ಹಂಪೇಶ್‌ಗೆ ಮೂರು ದಿನ ನಿದ್ದೆ ಬಂದಿರಲಿಲ್ಲ. ಬೈಕ್ ಶೋರೂಮಿನ ಮಾಲೀಕ ಅವನು. ಎದುರು ಅಂಗಡಿಯಲ್ಲಿ ಹೊಸ ಮಾಡೆಲ್ ಬಂದರೆ ತನ್ನಲ್ಲೂ ನಿಲ್ಲಿಸಬೇಕು, ಮಾರಾಟವಾಗುವುದು ಆಮೇಲಿನ ಮಾತು.

ಅವಳಿಗೆ ಕೊಡಲು ಕೋಣೆ ಇರಲಿಲ್ಲ. ಹಾಗಾಗಿ ಹೊಲಿಗೆ ಕೋಣೆಯ ನಡುವೆ ಮೂರು ಕಬ್ಬಿಣದ ಬೀರು ಸಾಲಾಗಿ ನಿಲ್ಲಿಸಿ ಎರಡು ಮಾಡಿದರು. ಕಿಟಕಿಯೂ ಜಗುಲಿಗೆ ತೆರೆಯುವ ಒಂದು ಬಾಗಿಲೂ ಇದ್ದ ಅರ್ಧ ರೇಖಾಗೆ ಹೋಯಿತು. ಕೊಟ್ರಬಸಮ್ಮನ ಐದು ಮಷಿನ್ನುಗಳಲ್ಲಿ ಎರಡು ಜಗುಲಿಗೆ ಹೋಗಿ ತಾಡಪಾಲು ಹೊದ್ದುಕೊಂಡವು. ಆ ಕಡೆ ಎದುರುಬದುರು ಎರಡು ಕುರ್ಚಿ, ಗೋಡೆಯಲ್ಲಿ ನಗುವ ಸೂರ್ಯನ ಚಿತ್ರ. ಸೂರ್ಯನಿಗೆ ನಗುವ ಕೆಲಸ ಯಾವಾಗ ಬಂತೋ. ಈ ಸೀಮೆಯಲ್ಲಿ ಏಪ್ರಿಲ್ ತಿಂಗಳು ಕಳೆದವರಾರೂ ಅವನಿಗೆ ಹಲ್ಲು ಬರೆಯುವುದಿಲ್ಲ.

ರೇಖಾ ಬಂದ ಮೊದಲ ವಾರ ತರಗತಿ ತರಗತಿಗೆ ಹೋಗಿ ತನ್ನ ಕೆಲಸ ಏನೆಂದು ಹೇಳಿದಳು. ಎರಡನೆಯ ವಾರ ಸ್ಟಾಫ್‌ರೂಮಿನಲ್ಲಿ ನಿಂತು ಹೇಳಿದಳು.

“ನಾನು ಪಾಠ ಮಾಡಲ್ಲ. ಶಿಕ್ಷೆ ಕೊಡಲ್ಲ, ಮಾರ್ಕ್ಸ್ ಹಾಕಲ್ಲ. ಮಗು ಹೇಳಿದ್ದನ್ನ ಕೇಳ್ತೀನಿ. ಕೇಳಿದ್ದು ನನ್ನ ಹತ್ರಾನೇ ಇರ್ತೈತಿ. ಜೀವಕ್ಕೆ ಅಪಾಯ ಅನ್ನೋ ಮಾತಿದ್ರೆ ಮಾತ್ರ ಬೇರೆಯೋರಿಗೆ ಹೇಳ್ತೀನಿ, ಅದನ್ನೂ ಮಗೂಗೆ ಮೊದಲು ಹೇಳಿ.”

“ಅಂದ್ರ ಹುಡುಗ ನನ್ನ ಬೈದ್ರೂ ನೀವು ಕೇಳ್ಕೊಂಡು ಕುಂದ್ರತೀರಿ?” ಎಂದರು ಗಣಿತದ ಶಿವಶಂಕರ.

“ಹೌದು ಸರ್.”

“ಅದಕ್ಕ ಸಂಬಳಾನೂ ಕೊಡ್ತಾರ?”

“ಕೊಡ್ತಾರ್ರಿ.”

“ನನ್ನ ಹೆಂಡ್ತಿ ಇಪ್ಪತ್ತು ವರ್ಷದಿಂದ ಪುಕ್ಕಟ ಮಾಡಾಕತ್ಯಾಳ,” ಎಂದು ಅವರು ಹೇಳಿದಾಗ ಸ್ಟಾಫ್‌ರೂಮು ಚಹಾದ ಕಪ್ಪು ಅಲುಗುವಂತೆ ನಕ್ಕಿತು. ಕೊಟ್ರಬಸಮ್ಮನೂ ನಕ್ಕಳು. ಆ ಹೆಣ್ಣು ಕೂಡ ನಕ್ಕಳು ಎಂಬುದೇ ಸಿಟ್ಟು ಬರಿಸಿತು.

ಕೊಟ್ರಬಸಮ್ಮನ ಸಿಟ್ಟಿಗೆ ನಿಜವಾದ ಕಾರಣ ಬೇರೆಯಿತ್ತು. ಮಕ್ಕಳ ಮಾತು ಕೇಳುವುದನ್ನು ಈಕೆ ಕಲಿಸಬೇಕೇ? ಇಪ್ಪತ್ತಾರು ವರ್ಷದಿಂದ ಶಾಲೆಯ ಹುಡುಗಿಯರು ಬರುತ್ತಿದ್ದದ್ದು ಈ ಕೋಣೆಗೇ. ಹುಕ್ಕು ಕಿತ್ತವಳು, ಲಾಡಿ ಹರಿದವಳು, ಟಾಪಿನ ಹಿಂದೆ ಕಲೆಯಾಗಿ ಅಳುತ್ತ ಬಂದವಳು. ಅವಳನ್ನು ನಿಲ್ಲಿಸಿಕೊಂಡು ಮೈಮೇಲಿದ್ದಂತೆಯೇ ಹೊಲಿದುಕೊಡಬೇಕು. ಹೊಲಿಯುವವಳ ಕಣ್ಣು ಸೂಜಿಯ ಮೇಲೆ, ಹುಡುಗಿಯ ಕಣ್ಣು ಕಿಟಕಿಯ ಆಚೆ. ಸೂಜಿ ಮೈಗೆ ಅಷ್ಟು ಹತ್ತಿರವಿದ್ದಾಗ ಯಾರೂ ಅಲುಗುವುದಿಲ್ಲ. ಅಲುಗದೆ ನಿಂತವರ ಬಾಯಿ ತಾನಾಗಿ ಬಿಚ್ಚುತ್ತದೆ. ಎದುರಿಗೆ ಕುರ್ಚಿ ಹಾಕಿ ಕಣ್ಣಲ್ಲಿ ಕಣ್ಣಿಟ್ಟು ‘ನಿನಗೆ ಏನನ್ನಿಸುತ್ತೆ’ ಎಂದು ಕೇಳಿದರೆ ಯಾವ ಹುಡುಗಿ ಹೇಳಿಯಾಳು?

ಹೀಗೆ ಕೇಳಿದ್ದನ್ನು ಅವಳು ಆಯಾ ಹುಡುಗಿಯ ತಾಯಿಗೆ ಮುಟ್ಟಿಸುತ್ತಿದ್ದಳು. ಸಂತೆಯಲ್ಲೋ ಗುಡಿಯಲ್ಲೋ ಸಿಕ್ಕಾಗ, ಕೈ ಹಿಡಿದು ಒಂದು ಬದಿಗೆ ಕರೆದು. ತಾಯಂದಿರು ಅವಳಿಗೆ ಋಣಿಯಾಗಿದ್ದರು. ಶಾಲೆಯ ಬೇರೆ ಯಾವ ಟೀಚರಿಗೂ ಊರಿನಲ್ಲಿ ಅಷ್ಟು ಮನೆಗಳಲ್ಲಿ ಚಹಾ ಸಿಗುತ್ತಿರಲಿಲ್ಲ.

ಬೀರುಗಳನ್ನು ನಿಲ್ಲಿಸಿದ ದಿನ ಅವಳು ತನ್ನ ಮಷಿನ್ನನ್ನು ಅವುಗಳಿಗೆ ತಾಗಿಸಿ ಹಾಕಿಕೊಂಡಿದ್ದಳು. ಆದರೆ ಆ ಕಡೆ ಯಾರಾದರೂ ಮಗು ಬಂದು ಕೂತ ಕೂಡಲೆ ರೇಖಾ ಹಳೆಯ ಟೇಬಲ್ ಫ್ಯಾನನ್ನು ಬೀರಿನ ಕಡೆ ತಿರುಗಿಸಿ ಹಾಕುತ್ತಿದ್ದಳು. ಅದರ ಗರಗರ ಸದ್ದಿನಲ್ಲಿ ಒಂದು ಮಾತೂ ತಿಳಿಯುತ್ತಿರಲಿಲ್ಲ. ಡಿಸೆಂಬರ್ ತಿಂಗಳಲ್ಲಿ ಫ್ಯಾನು. ಓದಿದವರ ಮೈ ಯಾವಾಗಲೂ ಬಿಸಿ ಎಂದು ಕೊಟ್ರಬಸಮ್ಮ ಸ್ಟಾಫ್‌ರೂಮಿನಲ್ಲಿ ಹೇಳಿ ನಗಿಸಿದ್ದಳು.

ಇವತ್ತು ಶನಿವಾರ, ಪಾಲಕರಿಗೆ ಪರಿಚಯ. ಹನ್ನೊಂದು ಗಂಟೆಗೆ ಕಾರ್ಯಕ್ರಮ. ಪರದೆಯ ಮಡಿಕೆ ಮುಗಿಸಿ, ತಂತಿ ಪೋಣಿಸಿ, ಬಾಗಿಲಿಗೆ ಕಟ್ಟಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಕುರ್ಚಿಯ ಕಾಲು, ಕುರ್ಚಿಯ ಮುಂದಿನ ನೆಲ ಸ್ವಚ್ಛವಾಗಿ ಕಾಣುತ್ತಿದ್ದವು. ಅಲ್ಲಿ ಒಂದು ಜೊತೆ ಪಾದ ಬಂದು ಕೂತರೆ, ಗೆಜ್ಜೆಯಿಂದ, ಉಗುರುಬಣ್ಣದಿಂದ, ಸವೆದ ಹಿಮ್ಮಡಿಯಿಂದ ಇಡೀ ಶಾಲೆ ಹೆಸರು ಹೇಳಬಹುದು.

ಕತ್ತರಿಯನ್ನು ಹೆಗಲಚೀಲಕ್ಕೆ ಹಾಕಿಕೊಂಡು ಅಂಗಳಕ್ಕೆ ಹೋದಳು.

*

ಶಾಮಿಯಾನದ ಕೆಳಗೆ ಪಾಲಕರು ಕುರ್ಚಿಯಲ್ಲಿ, ಮಕ್ಕಳು ಜಮಖಾನದ ಮೇಲೆ, ಮೇಷ್ಟ್ರುಗಳು ವೇದಿಕೆಯ ಪಕ್ಕದಲ್ಲಿ. ವೇದಿಕೆಯ ನಡುವಿನ ಮೇಜಿನ ಮೇಲೆ ‘ಮನದ ಮಾತು’ ಪೆಟ್ಟಿಗೆ. ಒಂದು ವಾರದಿಂದ ಅದು ರೇಖಾಳ ಬಾಗಿಲ ಬಳಿ ಇತ್ತು. ಹೇಳಲು ನಾಚಿಕೆಯಾಗುವುದನ್ನು ಬರೆದು ಹಾಕಿ, ಹೆಸರು ಬೇಕಿಲ್ಲ, ನಾನೊಬ್ಬಳೇ ಓದುತ್ತೇನೆ ಎಂದು ಅವಳು ತರಗತಿ ತರಗತಿಗೆ ಹೇಳಿದ್ದಳು. ಪೆಟ್ಟಿಗೆ ಮಾತ್ರ ಹಂಪೇಶನ ಶೋರೂಮಿನದು. ದೀಪಾವಳಿಯ ಲಕ್ಕಿ ಡ್ರಾ ಪೆಟ್ಟಿಗೆ. ಅದರ ಮೇಲಿದ್ದ ಬೈಕಿನ ಚಿತ್ರಕ್ಕೆ ಬಿಳಿ ಹಾಳೆ ಅಂಟಿಸಿ ಹೆಸರು ಬರೆದಿದ್ದರು. ಬಿಸಿಲಿಗೆ ಹಾಳೆಯ ಮೂಲೆ ಎದ್ದು ಮುಂದಿನ ಚಕ್ರ ಕಾಣುತ್ತಿತ್ತು. ಕೀಲಿ ಕೊಡಿ ಎಂದು ರೇಖಾ ಮೂರು ಸಲ ಹೇಳಿ ಕಳಿಸಿದ್ದಳಂತೆ. ‘ತಗೊಂಡ ಬರ್ತೀನಿ’ ಎಂದು ಮೂರು ಸಲವೂ ಉತ್ತರ ಬಂದಿತ್ತು.

ಹಂಪೇಶ್ ಮೈಕಿನ ಮುಂದೆ ನಿಂತ. “ಬೈಕಿಗೆ ಸರ್ವಿಸ್ ಬೇಕಾ ಬ್ಯಾಡಾ? ಬೇಕು. ಹಂಗ ಮಕ್ಕಳ ಮನಸ್ಸಿಗೂ ಸರ್ವಿಸ್ ಬೇಕು. ಅದಕ್ಕ ಈ ಮೇಡಮ್ಮಾರನ್ನ ತಂದೀವಿ. ಹಡಗಲಿ, ಕೂಡ್ಲಿಗಿ ಕಡೀಲಿಂದೂ ಮುಂದಿನ ವರ್ಷ ನಮ್ಮಲ್ಲಿಗೇ ಮಕ್ಕಳು ಬರ್ತಾವು, ಬರದಿಟ್ಕೋರಿ.”

ಶಾಲು, ಹಾರ, ಹಣ್ಣಿನ ಬುಟ್ಟಿ. ಆಮೇಲೆ ರೇಖಾಗೆ ಮಾತಾಡಲು ನಾಲ್ಕು ನಿಮಿಷ. ಶಾಲನ್ನು ಮಡಿಚಿ ಕುರ್ಚಿಯ ಮೇಲಿಟ್ಟು ಅವಳು ಪಾಲಕರಿಗೆ ಹೇಳಿದಳು. “ನಿಮ್ಮ ಮಗ ನನ್ನ ಹತ್ರ ಬಂದ ಅಂದ್ರೆ ಅವನಿಗೆ ಹುಚ್ಚು ಅಂತಲ್ಲ. ಮಗಳು ಬಂದ್ಲು ಅಂದ್ರೆ ಏನೋ ತಪ್ಪು ಮಾಡ್ಯಾಳ ಅಂತಲ್ಲ. ಏನಂದ್ಲು ಅಂತ ನನ್ನ ಕೇಳಬೇಡ್ರಿ. ಕೇಳಿದ್ರೂ ನಾನು ಹೇಳಲ್ಲ. ನಿಮಗೆ ಹೇಳೋ ಹಂಗೆ ಆಕೆಗೇ ಧೈರ್ಯ ಬರ್ಲಿ ಅಂತ ನೋಡ್ತೀನಿ.”

“ಹಡದೋರು ನಾವು, ಹೇಳೋದು ಈಕಿಗೆ,” ಎಂದಳು ಮೂರನೆಯ ಸಾಲಿನಲ್ಲಿ ಕೂತ ದಾಕ್ಷಾಯಣಮ್ಮ, ಪಕ್ಕದವಳಿಗೆ ಕೇಳುವಷ್ಟು ಎಂದುಕೊಂಡು, ಹತ್ತು ಸಾಲಿಗೆ ಕೇಳುವಷ್ಟು. ಬಸ್‌ಸ್ಟ್ಯಾಂಡಿನ ಬಳಿ ಖಾನಾವಳಿ ನಡೆಸುವ ಹೆಂಗಸು. ಊಟಕ್ಕೆ ಕೂತವರ ಗದ್ದಲದ ಮೇಲೆ ಕೂಗಿ ಕೂಗಿ ದನಿ ಹಾಗಾಗಿತ್ತು. ಅವಳ ಮಗಳು ಗೀತಾಂಜಲಿ ಒಂಬತ್ತನೆಯ ತರಗತಿಯ ಹುಡುಗಿಯರ ನಡುವೆ ಜಮಖಾನದ ಮೇಲೆ ಕೂತಿದ್ದಳು. ತಾಯಿಯ ಮಾತಿಗೆ ಎಲ್ಲರೂ ನಕ್ಕರು, ಅವಳು ಅಂಗಿಯ ತೋಳಿನಿಂದ ಒಂದು ಎಳೆ ನೂಲು ಕೀಳುತ್ತಿದ್ದಳು.

ಅಷ್ಟು ಹೊತ್ತಿಗೆ ಹಂಪೇಶ್ ಜೇಬಿನಿಂದ ಕೀಲಿ ತೆಗೆದ.

“ಸರ್, ಅದು ಇಲ್ಲಿ ತೆಗೆಯೋದಲ್ಲ,” ಎಂದಳು ರೇಖಾ.

“ಉದ್ಘಾಟನೆ ಅಂದ್ಮ್ಯಾಲ ಏನರ ತೆಗೀಬೇಕಲ್ಲವ್ವ. ಹೆಸರು ಓದಂಗಿಲ್ಲ ತಗೋ.” ಅವನು ಕೈ ಒಳಗೆ ಹಾಕಿ, ಕಣ್ಣು ಮುಚ್ಚಿ, ಚೀಟಿಗಳನ್ನು ಕಲಸಿ ಒಂದನ್ನು ಎತ್ತಿದ. ದೀಪಾವಳಿಯಲ್ಲಿ ಮಾಡುವಂತೆಯೇ. ಅವನಿಗೆ ಪೆಟ್ಟಿಗೆ ಎಂದರೆ ಅದೊಂದೇ ಕೆಲಸ ಗೊತ್ತಿದ್ದದ್ದು.

“ಹುಡುಗಿಯರ ಶೌಚಾಲಯಕ್ಕೆ ಚಿಲಕ ಇಲ್ಲ.” ಪಾಲಕರು ನಕ್ಕರು, ಹೆಡ್ಮಾಸ್ಟರ್ ಕೈಯಲ್ಲಿದ್ದ ಕಾಗದ ನೋಡಿಕೊಂಡರು.

“ಗಣಿತ ಸರ್ ಹತ್ತಿರ ಬಂದರೆ ಬಾಯಿ ವಾಸನೆ ಬರುತ್ತದೆ.” ಈಗ ಮಕ್ಕಳೂ ನಕ್ಕರು. ಶಿವಶಂಕರ ಬಾಯಿ ಮುಚ್ಚಿಕೊಂಡರು, ಅದರಿಂದ ನಗು ಇನ್ನಷ್ಟು ಹೆಚ್ಚಾಯಿತು.

“ನಮ್ಮಪ್ಪ ತಮ್ಮನಿಗೆ ಮಾತ್ರ ಮೊಟ್ಟೆ ತರುತ್ತಾನೆ, ನನಗೆ ಇಲ್ಲ.” ನಕ್ಕರು, ಆದರೆ ಕಡಿಮೆ. ಕಡೆಯ ಸಾಲಿನ ಒಬ್ಬ ಗಂಡಸು ತಲೆ ಬಗ್ಗಿಸಿ ಚಪ್ಪಲಿಯ ಉಂಗುಟ ಸರಿಮಾಡತೊಡಗಿದ. ಯಾರಪ್ಪ ಎಂದು ಮಕ್ಕಳು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು.

ನಾಲ್ಕನೆಯದು ಬಿಚ್ಚಲಿಲ್ಲ. ಹಂಪೇಶ್ ಅದನ್ನು ಎತ್ತಿ ಹಿಡಿದ. ನಾಲ್ಕು ಮಡಿಕೆ ಮಾಡಿದ ನೋಟ್‌ಬುಕ್ಕಿನ ಹಾಳೆ, ಮೂರೂ ಬದಿ ನೂಲಿನಿಂದ ಹೊಲಿದಿತ್ತು.

“ಇದನ್ನ ಹೊಲದಾರ್ರೀ ಯಾರೋ. ಬಂಪರ್ ಬಹುಮಾನ ಇದರಾಗೇ ಐತಿ.” ಶಾಮಿಯಾನ ನಕ್ಕಿತು. “ಕೊಟ್ರಬಸಮ್ಮಾರ, ನಿಮ್ಮ ಕತ್ರಿ ತರ್ರಿ ಇಲ್ಲಿ. ಹೊಲಿಯಾಕ ಕಲಿಸ್ದೋರು ನೀವು, ಬಿಚ್ಚೋರೂ ನೀವ ಆಗ್ರಿ.”

ಅವಳು ಎದ್ದು ಹೋದಳು. ತನ್ನ ಹೆಸರು ಮೈಕಿನಲ್ಲಿ ಬಂದದ್ದು ಇಪ್ಪತ್ತಾರು ವರ್ಷದಲ್ಲಿ ಎರಡನೆಯ ಸಲ. ಸುಳ್ಳೇಕೆ, ಸೆರಗು ಸರಿಮಾಡಿಕೊಂಡೇ ಮೆಟ್ಟಿಲು ಹತ್ತಿದಳು. ಹಂಪೇಶ್ ಚೀಟಿಯನ್ನು ಅವಳ ಅಂಗೈಗೆ ಹಾಕಿದ.

ಗುಲಾಬಿ ನೂಲು. ಕಳೆದ ಶುಕ್ರವಾರ ಒಂಬತ್ತನೆಯ ತರಗತಿಯ ಇಪ್ಪತ್ತು ಹುಡುಗಿಯರಿಗೂ ಕರ್ಚೀಫಿನ ಅಂಚಿಗೆಂದು ಅವಳೇ ಹಂಚಿದ್ದು. ಸಣ್ಣ, ಒತ್ತೊತ್ತು, ಒಂದೇ ಅಳತೆಯ ಹೊಲಿಗೆ. ಹತ್ತೊಂಬತ್ತು ಹುಡುಗಿಯರ ಹೊಲಿಗೆ ಒಂದು ಕಡೆ ವಾಲುತ್ತದೆ. ಇದು ಎದುರು ಕಡೆ ವಾಲಿತ್ತು. ಆ ತರಗತಿಯಲ್ಲಿ ಎಡಗೈಯಲ್ಲಿ ಸೂಜಿ ಹಿಡಿಯುವವಳು ಒಬ್ಬಳೇ. ಕೈ ಬದಲಿಸಬೇಕೆಂದು ಒಂದು ತಿಂಗಳು ಅವಳ ಬೆರಳಿಗೆ ಅಳತೆಕೋಲಿನಿಂದ ಹೊಡೆದು ಕೊಟ್ರಬಸಮ್ಮ ಸೋತಿದ್ದಳು. ಸೋತ ಮೇಲೆ ನೋಡಿದರೆ, ಹುಡುಗಿಯ ಹೊಲಿಗೆ ಎಲ್ಲರಿಗಿಂತ ಚೆನ್ನಾಗಿತ್ತು.

ಕಣ್ಣೆತ್ತಿದಳು. ಗೀತಾಂಜಲಿ ನೂಲು ಕೀಳುವುದನ್ನು ನಿಲ್ಲಿಸಿದ್ದಳು. ಅವಳು ನೋಡುತ್ತಿದ್ದದ್ದು ಕೊಟ್ರಬಸಮ್ಮನ ಮುಖವನ್ನಲ್ಲ, ಹೆಗಲಚೀಲವನ್ನು.

ಮೂರನೆಯ ಸಾಲಿನಲ್ಲಿ ಅವಳ ತಾಯಿ ಚೆನ್ನಾಗಿ ಕಾಣಲೆಂದು ಕತ್ತು ಉದ್ದ ಮಾಡಿದ್ದಳು. ನಾಲ್ಕು ಸಾಲು ಓದಿದರೆ ಸಾಕು. ಹೆಸರು ಬರೆಯದಿದ್ದರೇನು, ಮನೆಯ ಮಾತು ಮನೆಯವರಿಗೆ ತಿಳಿಯದೇ? ಅವಳಿಗೆ ತಿಳಿದರೆ ಮಧ್ಯಾಹ್ನದ ಹೊತ್ತಿಗೆ ಖಾನಾವಳಿಯಲ್ಲಿ ಊಟ ಮಾಡುವವರಿಗೆಲ್ಲ ತಿಳಿಯುತ್ತದೆ.

“ಕತ್ರಿ ಇಲ್ರೀ,” ಎಂದಳು ಕೊಟ್ರಬಸಮ್ಮ. “ಸಾಣಿ ಹಿಡಿಯಾಕ ಕೊಟ್ಟೇನಿ.”

ತನ್ನ ಬಾಯಿಂದ ಅದು ಬಂದದ್ದು ಅವಳಿಗೇ ತಡವಾಗಿ ಕೇಳಿಸಿತು. ಪಕ್ಕದಲ್ಲಿ ನಿಂತಿದ್ದ ರೇಖಾ ಚೀಲದ ಕಡೆ ನೋಡಿದಳು. ಕತ್ತರಿಯ ಕಪ್ಪು ಹಿಡಿ ಎರಡು ಬೆರಳಿನಷ್ಟು ಹೊರಗಿತ್ತು. ರೇಖಾ ನೋಟವನ್ನು ಬೇರೆ ಕಡೆ ಹೊರಳಿಸಿದಳು.

“ಅಯ್ಯ, ಹಲ್ಲಿಲ್ಲೇನು ನಮಗ?” ಎಂದು ಹಂಪೇಶ್ ಚೀಟಿಯನ್ನು ತೆಗೆದುಕೊಂಡು ಬಾಯಿಗೆ ಒಯ್ಯುವಷ್ಟರಲ್ಲಿ ರೇಖಾ ಕೈ ಚಾಚಿ ಅವನ ಬೆರಳ ಸಂದಿಯಿಂದ ಅದನ್ನು ಎಳೆದುಕೊಂಡಳು. ಮಗುವಿನ ಕೈಯಿಂದ ಬ್ಲೇಡು ತೆಗೆಯುವಂತೆ, ಮೆಲ್ಲಗೆ.

“ಇದು ನನಗೆ ಬರೆದದ್ದು ಸರ್.”

“ಸಂಬಳ ಕೊಡೋರು ನಾವು.” ಮೈಕು ಇನ್ನೂ ಅವನ ಮುಂದೆಯೇ ಇತ್ತು, ಅದು ಇಡೀ ಅಂಗಳಕ್ಕೆ ಕೇಳಿತು.

“ಸಂಬಳ ಬಿಡ್ರಿ ಸರ್, ಬೇಕಾದ್ರೆ. ಚೀಟಿ ಕೊಡಲ್ಲ.” ಅದೂ ಕೇಳಿತು.

ಅವಳು ಪೆಟ್ಟಿಗೆಯನ್ನೂ ಎತ್ತಿ ಕಂಕುಳಿಗೆ ಇಟ್ಟುಕೊಂಡು ಮೆಟ್ಟಿಲಿಳಿದು ಹೋದಳು. ಬಿಳಿ ಹಾಳೆ ಪೂರ್ತಿ ಕಿತ್ತು ಬಿದ್ದು, ಅವಳ ತೋಳಿನ ಕೆಳಗೆ ಇಡೀ ಬೈಕು ಕಾಣುತ್ತಿತ್ತು. ಯಾರೋ ನಕ್ಕರು. ಹೆಡ್ಮಾಸ್ಟರ್ ಓಡಿಬಂದು ವಂದನಾರ್ಪಣೆ ಶುರುಮಾಡಿದರು. ಶಾಲು ಕುರ್ಚಿಯ ಮೇಲೆಯೇ ಉಳಿಯಿತು.

*

ಜನ ಚದುರುವಾಗ ದಾಕ್ಷಾಯಣಮ್ಮ ಕೊಟ್ರಬಸಮ್ಮನ ಕೈ ಹಿಡಿದು ಬೇವಿನ ಮರದ ಬದಿಗೆ ಕರೆದೊಯ್ದಳು. ಇಷ್ಟು ವರ್ಷ ತಾಯಂದಿರನ್ನು ಬದಿಗೆ ಕರೆಯುತ್ತಿದ್ದವಳು ಕೊಟ್ರಬಸಮ್ಮ. ಈಗ ತನ್ನ ಕೈ ಇನ್ನೊಬ್ಬರ ಕೈಯಲ್ಲಿತ್ತು. ಆ ಹಿಡಿತ ಎಷ್ಟು ಬಿಗಿ ಎಂದು ಅವಳಿಗೆ ಮೊದಲ ಸಲ ತಿಳಿಯಿತು.

“ಅಕ್ಕಾ, ಖರೇ ಹೇಳು. ಯಾರದದು?”

“ನನಗೇನು ಗೊತ್ತವಾ.”

“ನಿನಗ ಗೊತ್ತಿಲ್ಲದ್ದು ಐತೇನು ಈ ಶಾಲ್ಯಾಗ? ಹೊಲಿಗಿ ನೋಡಿದ್ರ ಹೆಸರು ಹೇಳಾಕಿ ನೀನು. ನಮ್ಮಕಿ ಇತ್ತಿತ್ಲಾಗ ರೊಟ್ಟಿ ಮುಂದ ಇಟ್ಕೊಂಡು ಸುಮ್ಮ ಕುಂದ್ರತಾಳ. ಕೇಳಿದ್ರ ಏನಿಲ್ಲ ಅಂತಾಳ. ಆಕಿದಲ್ಲ ಹೌದಿಲ್ಲೋ?”

“ಇಪ್ಪತ್ತು ಮಂದಿಗೆ ಒಂದ ನಮೂನಿ ಕಲಿಸೇನಿ. ಎಲ್ಲಾರದೂ ಒಂದ ಇರತೈತಿ.”

ದಾಕ್ಷಾಯಣಮ್ಮ ಅವಳ ಮುಖವನ್ನು ನೋಡಿದಳು. “ಪಂಪಮ್ಮಂದು ಮಾತ್ರ ಅವ್ರವ್ವಗ ಓಡಿ ಹೋಗಿ ಹೇಳಿದ್ದಿ,” ಎಂದಳು. ಅದರಲ್ಲಿ ಚುಚ್ಚು ಇರಲಿಲ್ಲ. ಬೇರೆಯವಳಿಗೆ ಮಾಡಿದ ಉಪಕಾರ ತನಗೇಕಿಲ್ಲ ಎಂಬ ಅಸಮಾಧಾನ ಅಷ್ಟೇ.

ಪಂಪಮ್ಮ, ಅಜ್ಜಿಯ ಹೆಸರಿಟ್ಟ ಹುಡುಗಿ, ಹತ್ತನೆಯ ತರಗತಿ, ನಾಲ್ಕು ವರ್ಷದ ಹಿಂದೆ. ಅಂಗಿಯ ತೋಳು ಹರಿದುಕೊಂಡು ಬಂದಿದ್ದಳು. ಹೊಲಿಸಿಕೊಳ್ಳುತ್ತ, ಕಿಟಕಿಯ ಆಚೆ ನೋಡುತ್ತ, ತೆಲಿಗಿಯ ಒಬ್ಬ ಹುಡುಗ ಬಸ್ಸಿನಲ್ಲಿ ತನಗೆ ಸೀಟು ಹಿಡಿಯುತ್ತಾನೆ ಎಂದಿದ್ದಳು. ಅಷ್ಟೇ. ಸೀಟು. ಕೊಟ್ರಬಸಮ್ಮ ಅದನ್ನು ತಾಯಿಗೆ ಹೇಳುವಾಗ ಸೀಟು ಸ್ವಲ್ಪ ದೊಡ್ಡದಾಗಿತ್ತು. ವಾರದೊಳಗೆ ಟಿ.ಸಿ. ತೆಗೆಸಿದರು, ಹುಡುಗಿಯನ್ನು ಹಲವಾಗಲಿನ ಅತ್ತೆಯ ಮನೆಗೆ ಕಳಿಸಿದರು. ಪರೀಕ್ಷೆಗೆ ಎರಡು ತಿಂಗಳಿತ್ತು. ತಾಯಿ ಬಂದು, ಮನೆತನದ ಮಾನ ಉಳಿಸಿದೆ ಅಕ್ಕ ಎಂದು ಕೊಟ್ರಬಸಮ್ಮನ ಉಡಿ ತುಂಬಿದಳು. ಕಾಯಿ, ಅಕ್ಕಿ, ಗಿಳಿಹಸಿರು ಬಣ್ಣದ ಕುಬಸದ ಖಣ.

ಕಾಯಿ, ಅಕ್ಕಿ ಮನೆಗೆ ಬಳಕೆಯಾದವು. ಖಣ ಟ್ರಂಕಿನಲ್ಲಿಯೇ ಇತ್ತು. ಊರಿನ ಹೆಂಗಸರಿಗೆಲ್ಲ ಕುಬಸ ಹೊಲಿದುಕೊಡುವವಳು ಅದನ್ನು ಮಾತ್ರ ಕತ್ತರಿಸಿರಲಿಲ್ಲ. ಬಣ್ಣ ತನಗೆ ಒಪ್ಪುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಹಸಿರು ಅವಳಿಗೆ ಯಾವಾಗಲೂ ಒಪ್ಪುತ್ತಿತ್ತು.

“ಖಾನಾವಳಿ ಹೊತ್ತಾತು, ಹೋಗು,” ಎಂದು ಅವಳು ಕೈ ಬಿಡಿಸಿಕೊಂಡಳು.

ಹೊಲಿಗೆ ಕೋಣೆಗೆ ಬಂದು ಕೂತ ಸ್ವಲ್ಪ ಹೊತ್ತಿಗೆ ರೇಖಾ ಬೀರಿನ ಪಕ್ಕದಿಂದ ತಲೆ ಹಾಕಿದಳು.

“ಸಾಣಿ ಹಿಡಿಸಿ ಬಂತೇನು ಕತ್ರಿ?”

ಕೊಟ್ರಬಸಮ್ಮ ಚೀಲದಿಂದ ತೆಗೆದು ಕೊಟ್ಟಳು. ರೇಖಾ ಆ ಕಡೆ ಹೋದಳು. ಒಬ್ಬಳೇ ಇದ್ದರೂ ಫ್ಯಾನು ಹಾಕಿದಳು. ಗರಗರ ಸದ್ದು ಬೀರಿನ ತಗಡಿಗೆ ಬಡಿದಾಗ ಕೊಟ್ರಬಸಮ್ಮನಿಗೆ ಆ ಫ್ಯಾನು ಯಾರಿಗಾಗಿ ತಿರುಗುತ್ತಿತ್ತು ಎಂದು ಹೊಳೆಯಿತು. ಕಿವಿ ಬಿಸಿಯಾಯಿತು. ಮೂರು ವಾರದಿಂದ ಈ ಹುಡುಗಿ, ಮಗಳ ವಯಸ್ಸಿನವಳು, ತನ್ನನ್ನು ತಿಳಿದುಕೊಂಡೇ ಕೂತಿದ್ದಳು. ತಿಳಿದೂ ದಿನಾ ಬೆಳಿಗ್ಗೆ ‘ನಮಸ್ಕಾರ ಮೇಡಂ’ ಎನ್ನುತ್ತಿದ್ದಳು. ಸ್ಟಾಫ್‌ರೂಮಿನ ಫ್ಯಾನಿನ ತಮಾಷೆಯೂ ಅವಳಿಗೆ ಮುಟ್ಟಿರಬೇಕು.

ಫ್ಯಾನು ನಿಂತಿತು. ಕತ್ತರಿ ಕೊಡಲು ಬಂದಾಗ ರೇಖಾಳ ಮುಖ ಬೇರೆಯಾಗಿತ್ತು.

“ಹೆಸರಿಲ್ಲ ಇದರಲ್ಲಿ,” ಎಂದಳು. “ನನ್ನ ಹತ್ರ ಬರಬೇಕು ಅಂತ ಎರಡು ಸಲ ಬಾಗಿಲ ತನಕ ಬಂದು ಹೋಗ್ಯಾಳ. ಕಾಲು ಕಾಣ್ತವು ಅಂತ ಬರ್ದಾಳ. ಪರದೆ ಕಟ್ತಾರೆ, ಗಿಡ್ಡ ಇರ್ತೈತಂತೆ ಅಂತ ಆಕೆಗೆ ಮೊದ್ಲೇ ಗೊತ್ತು ನೋಡ್ರಿ.”

ಗೊತ್ತಿರದೆ ಏನು. ಗುರುವಾರ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡು ಅಳತೆಗೆ ನಿಂತವಳು ಗೀತಾಂಜಲಿಯೇ.

“ಯಾರು ಅಂತ...” ಎಂದು ಕೊಟ್ರಬಸಮ್ಮ ಬಾಯಿ ತೆರೆದಳು.

“ಬ್ಯಾಡಕ್ಕಾ.” ರೇಖಾ ಅವಳನ್ನು ಅಕ್ಕ ಎಂದದ್ದು ಅದೇ ಮೊದಲು. “ನಿಮಗೆ ಗೊತ್ತೈತಿ ಅಂತ ನನಗೆ ಗೊತ್ತಾತು. ಆದ್ರೆ ನೀವು ಹೇಳಿ ನಾನು ಕರೆಸಿದ್ರೆ ಆಕೆಗೆ ಈ ಶಾಲೆಯಾಗೆ ಇನ್ಯಾರೂ ಉಳಿಯಲ್ಲ. ತಾನಾಗಿ ಬರ್ಬೇಕು.” ಬಸ್ಸಿಗೆ ಹೊತ್ತಾಗಿತ್ತು. ಬುತ್ತಿಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು. “ಸೋಮವಾರ ನನ್ನ ಇಟ್ಕೊಳ್ತಾರೋ ಇಲ್ಲೋ, ನೋಡಾಣ.”

ಪುಸ್ತಕದ ಮಾತಿಗೆ ಊರಿನ ಮಾತು ಕಲಸುವ, ನಗುವ ಸೂರ್ಯನನ್ನು ಗೋಡೆಗೆ ಅಂಟಿಸುವ ಹೆಣ್ಣು. ಕೊಟ್ರಬಸಮ್ಮ ಹಳೆಯ ತಿರಸ್ಕಾರವನ್ನು ತಡಕಿ ನೋಡಿದಳು. ಇತ್ತು, ಆದರೆ ಅದರ ಮುಖ ತನ್ನ ಕಡೆಗೇ ತಿರುಗಿತ್ತು.

ಹೆಡ್ಮಾಸ್ಟರ್ ಬೀಗ ಹಾಕಿಸಲು ಬಂದರು. “ಕಾರ್ಯದರ್ಶಿಗಳು ಭಾಳ ಸಿಟ್ಟಾಗ್ಯಾರ. ಆ ಚೀಟಿ ಯಾರದಂತ ಸೋಮವಾರ ಅವರಿಗೆ ಹೇಳಬೇಕಂತ. ಆ ಹುಡುಗಿ ಅವ್ವ ಅಪ್ಪನ್ನ ಕರಸಿ ಎಲ್ಲಾರ ಎದುರಿಗೆ ಬಗಿಹರಿಸ್ತಾರಂತ. ನಿಮಗ ಹೊಲಿಗಿ ಗುರ್ತು ಸಿಗತೈತಿ ಅಂದ್ರು.”

“ಪರದಿ ಮಡಿಕಿ ಒಂದು ಕಡೆ ಬಿಚ್ಚೈತ್ರಿ,” ಎಂದಳು ಕೊಟ್ರಬಸಮ್ಮ. “ಮನಿಗೆ ಒಯ್ದು ಸರಿ ಮಾಡ್ಕೊಂಡು ಬರ್ತೀನಿ.”

“ಅದಿರ್ಲಿ. ಮುಂದಿನ ವರ್ಷ ಹೊಲಿಗಿ ಕ್ಲಾಸು ಇಡಬೇಕೋ ಬ್ಯಾಡೋ ಅಂತ ಮಂಡಳಿಯಾಗ ಮಾತು ನಡದೈತಿ, ನಿಮಗ ಗೊತ್ತಿರ್ಲಿ ಅಂತ ಹೇಳ್ದೆ.”

“ಹೂಂ ರಿ.” ಅವಳು ಸ್ಟೂಲು ಹತ್ತಿ ಪರದೆಯನ್ನು ತಂತಿಯಿಂದ ಬಿಡಿಸಿದಳು.

*

ಭಾನುವಾರ ಬೆಳಿಗ್ಗೆ ಅತ್ತೆ ಹಂಪಕ್ಕ ಕಟ್ಟೆಯ ಮೇಲೆ ಕಾಲು ಚಾಚಿ ಶೇಂಗಾ ಸುಲಿಯುತ್ತಿದ್ದಳು. ಕೊಟ್ರಬಸಮ್ಮ ಟ್ರಂಕು ತೆಗೆದು, ಸೀರೆಗಳ ಕೆಳಗೆ ಕೈಹಾಕಿ ಖಣ ತೆಗೆದಳು. ನಾಲ್ಕು ವರ್ಷದ ಮಡಿಕೆ ಬಟ್ಟೆಯಲ್ಲಿ ಗೆರೆಯಾಗಿ ಕೂತಿತ್ತು. ಬಿಸಿಲಿಗೆ ಹಿಡಿದಳು. ಬಣ್ಣ ಒಂದಿಷ್ಟೂ ಕೆಟ್ಟಿರಲಿಲ್ಲ. ನಡುವೆ ಕತ್ತರಿ ಇಟ್ಟು, ಒಂದು ಉಸಿರಿನಲ್ಲಿ ತುದಿಯವರೆಗೆ ಓಡಿಸಿದಳು.

“ಯಾರಿಗವಾ ಕುಬಸ?” ಎಂದಳು ಹಂಪಕ್ಕ.

“ಬಾಗಲಿಗೆ.”

“ಬಾಗಲಾನೂ ಕುಬಸ ತೊಡೂ ಕಾಲ ಬಂತಾ?” ಮುದುಕಿ ಒಂದು ಕಾಳು ಬಾಯಿಗೆ ಹಾಕಿಕೊಂಡಳು. “ಹೆಂಗಸ್ರ ಕುಬಸದ ಬೆನ್ನು ಸಣ್ಣಾಗಾಕತ್ತೈತಿ, ಬಾಗಲದ್ದರ ಉದ್ದಾಗ್ಲಿ ಬಿಡು.”

ಕೊಟ್ರಬಸಮ್ಮ ಎರಡು ತುಂಡನ್ನು ಕೂಡಿಸಿ ಪಟ್ಟಿ ಮಾಡಿದಳು. ಕಂದು ಪರದೆಯ ಕೆಳಗಿನ ಮಡಿಕೆಯನ್ನು ಬಿಚ್ಚಿ, ಪಟ್ಟಿಯನ್ನು ಇಟ್ಟು ಗುಂಡುಸೂಜಿ ಚುಚ್ಚಿದಳು. ಹಸಿರು ಕಣ್ಣಿಗೆ ಹೊಡೆಯುತ್ತಿತ್ತು. ಹೆಡ್ಮಾಸ್ಟರ್ ಕೇಳುತ್ತಾರೆ, ಕೇಳಲಿ. ಬಟ್ಟೆ ಕುಗ್ಗಿತ್ತು, ಸಿಕ್ಕಿದ್ದನ್ನು ಹಚ್ಚಿದೆ ಎಂದರಾಯಿತು. ಹಂಪೇಶ್ ಕರೆದು ಕೇಳುತ್ತಾನೆ. ಕಣ್ಣು ಮೊದಲಿನಂತಿಲ್ಲ, ಹೊಲಿಗೆ ಯಾರದಂತ ತಿಳಿಯಲಿಲ್ಲ ಎಂದರಾಯಿತು. ಕಣ್ಣಿಲ್ಲದ ಹೊಲಿಗೆ ಟೀಚರ್ ಯಾಕೆ ಬೇಕು ಎನ್ನುತ್ತಾನೆ. ಅದೂ ಆಗಲಿ.

ಮಷಿನ್ನಿನ ಮುಂದೆ ಕೂತು ಸೂಜಿ ಇಳಿಸಿದಳು. ಸೋಮವಾರ ಮೂರನೆಯ ಪಿರಿಯಡ್ಡು ಒಂಬತ್ತನೆಯ ತರಗತಿಗೆ ಹೊಲಿಗೆ. ಹುಡುಗಿಯರು ಕರ್ಚೀಫು ಹಿಡಿದು ಕೂತ ಮೇಲೆ, ಈ ಪರದೆಯನ್ನು ಗೀತಾಂಜಲಿಯ ಕೈಗೆ ಕೊಡಬೇಕು. ಆ ಕಡೆ ಬಾಗಿಲಿಗೆ ಕಟ್ಟಿ ಬಾ ಎನ್ನಬೇಕು, ಬೇರೇನೂ ಅನ್ನಬಾರದು. ಎಡಗೈಯವಳು, ಗಂಟು ಹಾಕಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಉಳಿದ ಹುಡುಗಿಯರನ್ನೆಲ್ಲ ಕರೆದುಕೊಂಡು, ತನ್ನ ಮಷಿನ್ನನ್ನೂ ಬೀರಿನ ಬಳಿಯಿಂದ ಎಳೆದುಕೊಂಡು, ಜಗುಲಿಯ ಆ ತುದಿಗೆ ಹೋಗಬೇಕು. ಅಲ್ಲಿಂದ ಏನೂ ಕೇಳುವುದಿಲ್ಲ.

ಪಟ್ಟಿಯ ಕೊನೆ ಮುಟ್ಟಿದಾಗ ಅವಳು ಪೆಡಲ್ ನಿಲ್ಲಿಸಿ, ಪರದೆಯನ್ನು ತಮ್ಮ ಮನೆಯ ಬಾಗಿಲಿಗೆ ಹಿಡಿದು ನೋಡಿದಳು. ನೆಲ ಮುಟ್ಟಿ ಇನ್ನೂ ಎರಡು ಬೆರಳು ಮಿಕ್ಕಿತ್ತು.

“ಏನವಾ ಅದು, ಶಾಲೀದಾ?” ಎಂದು ಹಂಪಕ್ಕ ಕಟ್ಟೆಯಿಂದ ಕೇಳಿದಳು.

“ಏನಿಲ್ಲ ಬಿಡತ್ತಿ,” ಎಂದು ಕೊಟ್ರಬಸಮ್ಮ ಅದನ್ನು ಮಡಿಚಿ ಚೀಲಕ್ಕೆ ಹಾಕಿದಳು.